ಅಣ್ಣ ಕಾರ್ಟ್ ಕಡೆ, ನಾನು ಇಂಡಿ ಕಡೆ: ತಪ್ಪು ಯಾರದು?

ಪ್ರಶ್ನೆ: ನಾನೂ ನನ್ನಣ್ಣನೂ ಅಮೆರಿಕದ ಓಪನ್ ವೀಲ್ (ಚಕ್ರಗಳು ಕಾರಿನ ಮೈಯಿಂದ ಹೊರಗಿರುವ) ಕಾರು ರೇಸಿಂಗ್ ನೋಡುತ್ತಾ ಬೆಳೆದವರು. 1996ರಲ್ಲಿ ಆ ಲೋಕ ಎರಡು ಹೋಳಾದಾಗ ಅಣ್ಣ ತಂಡದ ಮಾಲೀಕರು ನಡೆಸುತ್ತಿದ್ದ ಕಾರ್ಟ್ ಸರಣಿಯ ಹಿಂದೆ ಹೋದ. ಮೇ ತಿಂಗಳಲ್ಲಿ ನಡೆಯುವ 500 ಮೈಲಿಯ ಇಂಡಿಯಾನಾಪೊಲಿಸ್ 500 (ಇಂಡಿ) ರೇಸು ಬಿಡಲಾಗದೆ ನಾನು ಹೊಸ ಸರಣಿ ಐಆರ್‌ಎಲ್ (ಇಂಡಿ ರೇಸಿಂಗ್ ಲೀಗ್) ಜೊತೆ ಉಳಿದೆ. 2008ರಲ್ಲಿ ಎರಡು ಸರಣಿಗಳೂ ಒಂದಾದವು, ನಾವಿಬ್ಬರು ಮಾತ್ರ ಆಗಲಿಲ್ಲ. ಐಆರ್‌ಎಲ್ ಕಟ್ಟಿದ ಟೋನಿ ಜಾರ್ಜ್ ಒಬ್ಬನೇ ಎಲ್ಲವನ್ನೂ ಹಾಳು ಮಾಡಿದ, 1996ರಿಂದ 1999ರವರೆಗೆ ಇಂಡಿ ಗೆದ್ದವರೆಲ್ಲ ಲೆಕ್ಕಕ್ಕಿಲ್ಲ, 2002ರಲ್ಲಿ ನಿಜವಾಗಿ ಗೆದ್ದಿದ್ದು ಕಾರ್ಟ್‌ನ ಪಾಲ್ ಟ್ರೇಸಿ ಎನ್ನುವುದು ಅವನ ವಾದ. ಈಗ ಅವನು ಫಾರ್ಮುಲಾ 1 ಮಾತ್ರ ನೋಡುತ್ತಾನೆ, ಈಗಿನ ಒಂದಾದ ಸರಣಿ ಇಂಡಿಕಾರ್ ಎರಡನೇ ದರ್ಜೆ ಎನ್ನುತ್ತಾನೆ. ಹಲವು ವರ್ಷಗಳ ನಂತರ ಈ ಮೇ ತಿಂಗಳಲ್ಲಿ ನನ್ನ ಮನೆಗೆ ಬರುತ್ತಿದ್ದಾನೆ. ಅವನ ಮಾತಿನಲ್ಲಿ ನಿಜ ಎಷ್ಟು? ಜಗಳವಾಡದೆ ಜೊತೆಯಲ್ಲಿ ಕುಳಿತು ರೇಸ್ ನೋಡುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕೈದಿವೆ, ಚಿಂತೆ ಒಂದೇ. ಅಣ್ಣನ ವಾದ ನಿಜವಾಗಿಬಿಟ್ಟರೆ ನೀವು ಇಷ್ಟು ವರ್ಷ ಪ್ರೀತಿಯಿಂದ ನೋಡಿದ್ದು ಖೋಟಾ ನಾಣ್ಯವಾಗುತ್ತದೆಯೇ ಎಂಬ ಚಿಂತೆ ಅದು. ಆಗುವುದಿಲ್ಲ. ಹಾಗೆಂದು ಅವರ ಮಾತು ಪೂರ್ತಿ ಸುಳ್ಳೂ ಅಲ್ಲ.

ಮೊದಲು ನಾನು ಎಲ್ಲಿ ನಿಂತು ಮಾತನಾಡುತ್ತಿದ್ದೇನೆ ಎಂದು ಹೇಳಿಬಿಡುತ್ತೇನೆ. ನಾನು ಡೇಟಾ ಎಂಜಿನಿಯರ್ ಆಗಿ ಕೆಲಸ ಮಾಡಿದ್ದು ಎರಡೂ ಕಡೆ. 2002ರ ಚಳಿಗಾಲದಲ್ಲಿ ನಮ್ಮ ತಂಡ ಕಾರ್ಟ್ ಬಿಟ್ಟು ಐಆರ್‌ಎಲ್‌ಗೆ ಬಂತು. ಕಾರು ಸಾಗಿಸುವ ಟ್ರಕ್ಕಿನ ಪಕ್ಕದಲ್ಲಿದ್ದ ಹಳೆಯ ಸರಣಿಯ ದೊಡ್ಡ ಸ್ಟಿಕ್ಕರನ್ನು ಬಿಸಿಗಾಳಿಯ ಗನ್ ಹಿಡಿದು ಕಿತ್ತವರಲ್ಲಿ ನಾನೂ ಒಬ್ಬ. ಸ್ಟಿಕ್ಕರ್ ಹೋಯಿತು. ಆದರೆ ಅದರ ಕೆಳಗಿನ ಬಣ್ಣ ಬಿಸಿಲು ಕಾಣದೆ ಗಾಢವಾಗಿಯೇ ಉಳಿದಿತ್ತು. ಹೊಸ ಸ್ಟಿಕ್ಕರ್ ಸ್ವಲ್ಪ ಚಿಕ್ಕದು. ಮುಂದಿನ ಸೀಸನ್ ಪೂರ್ತಿ ಹೊಸ ಹೆಸರಿನ ಸುತ್ತ ಹಳೆಯ ಹೆಸರಿನ ನೆರಳು ಕಾಣುತ್ತಿತ್ತು. ಮೆಕ್ಯಾನಿಕ್‌ಗಳು ಅವರೇ, ಸ್ಪ್ಯಾನರ್‌ಗಳು ಅವೇ, ಸಂಬಳವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಈ ಸರಣಿ ಶುದ್ಧ, ಆ ಸರಣಿ ಕಲಬೆರಕೆ ಎಂಬ ಮಾತು ಪಿಟ್ ಗೋಡೆಯ ಈಚೆ ನಿಂತ ನಮಗೆ ಯಾವತ್ತೂ ಅರ್ಥವಾಗಲಿಲ್ಲ.

ಈಗ ಮೊದಲ ಆರೋಪ. ಜಗಳ 1996ರಲ್ಲಿ ಟೋನಿ ಜಾರ್ಜ್ ಅವರಿಂದ ಶುರುವಾಯಿತು ಎನ್ನುವವರು ಅದರ ಮೊದಲ ಅಧ್ಯಾಯವನ್ನೇ ಓದಿಲ್ಲ. ಅಲ್ಲಿಯ ಓಪನ್ ವೀಲ್ ರೇಸಿಂಗ್ ಅದಕ್ಕೆ ಮೊದಲೂ ಒಮ್ಮೆ ಒಡೆದಿತ್ತು. ಆಗ ಆಡಳಿತ ಯುಸ್ಯಾಕ್ ಸಂಸ್ಥೆಯ ಕೈಯಲ್ಲಿತ್ತು. ಬಹುಮಾನದ ಹಣ ಕಡಿಮೆ, ಪ್ರಚಾರ ಕಡಿಮೆ, ಖರ್ಚು ಮಾಡುವ ತಂಡಗಳಿಗೆ ನಿಯಮಗಳಲ್ಲಿ ದನಿಯಿಲ್ಲ ಎಂದು ಡ್ಯಾನ್ ಗರ್ನಿ 1978ರಲ್ಲಿ ಒಂದು ದೀರ್ಘ ಪತ್ರ ಬರೆದು ಉಳಿದ ಮಾಲೀಕರಿಗೆ ಕಳಿಸಿದರು. ಅದರ ಬೆನ್ನಿಗೇ ರೋಜರ್ ಪೆನ್ಸ್ಕಿ, ಪ್ಯಾಟ್ ಪ್ಯಾಟ್ರಿಕ್ ಮೊದಲಾದವರು ಕಾರ್ಟ್ ಕಟ್ಟಿ 1979ರಲ್ಲಿ ಬೇರೆ ಸರಣಿ ಆರಂಭಿಸಿದರು. ಆ ವರ್ಷದ ಇಂಡಿ 500ಕ್ಕೆ ಕಾರ್ಟ್‌ನ ಪ್ರಮುಖ ತಂಡಗಳ ಅರ್ಜಿಯನ್ನು ಯುಸ್ಯಾಕ್ ತಿರಸ್ಕರಿಸಿತು. ತಂಡಗಳು ನ್ಯಾಯಾಲಯಕ್ಕೆ ಹೋಗಿ ಆದೇಶ ತಂದು ಓಡಿಸಿದವು. ಅಂದರೆ ಈಗಿನ ಅಭಿಮಾನಿಗಳು ಮೂಲ ಮನೆ ಎಂದು ಹೇಳುವ ಕಾರ್ಟ್ ಕೂಡ ಒಂದು ಕಾಲದಲ್ಲಿ ಮನೆ ಒಡೆದು ಹೊರಟ ಕಿರಿಯನೇ. ಇದನ್ನು ನಿಮ್ಮಣ್ಣನಿಗೆ ಮೆಲ್ಲನೆ ಹೇಳಿ, ಕುಟುಕಬೇಡಿ.

ಹಾಗಾದರೆ ಒಡಕಿನ ಬೇರು ಎಲ್ಲಿದೆ? ಈ ಕ್ರೀಡೆಯಲ್ಲಿ ಒಂದೇ ಒಂದು ರೇಸು ಉಳಿದೆಲ್ಲ ರೇಸುಗಳನ್ನು ಒಟ್ಟು ಸೇರಿಸಿದರೂ ಅವಕ್ಕಿಂತ ಹೆಚ್ಚು ತೂಗುತ್ತದೆ. ಇಡೀ ಜಗಳವನ್ನು ಇದೊಂದು ಸಂಗತಿಯಿಂದ ವಿವರಿಸಬಹುದು. 1911ರಿಂದ ನಡೆದು ಬಂದ ಇಂಡಿ 500 ಒಂದು ಕುಟುಂಬದ ಸ್ವತ್ತಾಗಿತ್ತು. ಟೋನಿ ಹಲ್ಮನ್ ಆ ಟ್ರ್ಯಾಕನ್ನು 1945ರಲ್ಲಿ ಕೊಂಡರು, ಟೋನಿ ಜಾರ್ಜ್ ಅವರ ಮೊಮ್ಮಗ. ಸರಣಿ ಮಾತ್ರ ತಂಡದ ಮಾಲೀಕರದು. ರೇಸು ಒಬ್ಬರದು, ಓಟಗಾರರು ಇನ್ನೊಬ್ಬರ ಕೈಕೆಳಗೆ. ಜಮೀನು ಒಬ್ಬನ ಹೆಸರಿನಲ್ಲಿ, ಬಾವಿ ಇನ್ನೊಬ್ಬನ ಹೆಸರಿನಲ್ಲಿ ಇದ್ದಂತೆ. ಮಳೆ ಚೆನ್ನಾಗಿ ಬರುವವರೆಗೆ ಇಬ್ಬರೂ ನಗುನಗುತ್ತಲೇ ಇರುತ್ತಾರೆ.

ಫಾರ್ಮುಲಾ 1ರಲ್ಲಿ ಇಂಥ ಜಗಳ ಆಗಲಿಲ್ಲವೆಂದಲ್ಲ. 1980ರ ಆಸುಪಾಸಿನಲ್ಲಿ ಆಡಳಿತ ಸಂಸ್ಥೆ ಫಿಸಾ ಮತ್ತು ತಂಡಗಳ ಸಂಘ ಫೋಕಾ ನಡುವೆ ನಡೆದದ್ದು ಯುದ್ಧವೇ. 1982ರ ಇಮೋಲಾ ರೇಸನ್ನು ಹೆಚ್ಚಿನ ಫೋಕಾ ತಂಡಗಳು ಬಹಿಷ್ಕರಿಸಿ ಕೇವಲ 14 ಕಾರು ಓಡಿದವು. 2009ರ ಜೂನ್‌ನಲ್ಲಿ ಎಂಟು ತಂಡಗಳು ಬೇರೆ ಸರಣಿ ಮಾಡುತ್ತೇವೆಂದು ಘೋಷಿಸಿ, ಕೆಲವೇ ದಿನಗಳಲ್ಲಿ ರಾಜಿಗೆ ಬಂದವು. ಅಲ್ಲಿ ಯಾವುದೇ ಒಂದು ರೇಸಿನ ಬಲದ ಮೇಲೆ ಹೊಸ ಸಂಸಾರ ಹೂಡಲಾಗದು. ಇವರಿಗೆ ಅವರಿಲ್ಲದೆ, ಅವರಿಗೆ ಇವರಿಲ್ಲದೆ ನಡೆಯದು. ಇಂಡಿಯಾನಾಪೊಲಿಸ್‌ನ ಟ್ರ್ಯಾಕ್ ಮಾಲೀಕರಿಗೆ ಆ ಭಯವಿರಲಿಲ್ಲ. ಬಂದವರು ಬರಲಿ, ಬಾರದವರು ಬಿಡಲಿ, ಮೇ ತಿಂಗಳು ಬಂದೇ ಬರುತ್ತದೆ ಎಂಬ ಧೈರ್ಯ ಅವರದು.

ಟೋನಿ ಜಾರ್ಜ್ ದೂರಿದ ವಿಷಯಗಳೂ ಹುಸಿಯಲ್ಲ. ಕಾರ್ಟ್ ಮಂಡಳಿಯಲ್ಲಿ ತಂಡದ ಮಾಲೀಕರೇ ನಿಯಮ ಬರೆಯುತ್ತಿದ್ದರು. ಪರೀಕ್ಷೆ ಬರೆಯುವವರೇ ಪ್ರಶ್ನೆಪತ್ರಿಕೆ ತಯಾರಿಸಿದ ಹಾಗೆ. ಖರ್ಚು ಏರುತ್ತಿತ್ತು. ಓವಲ್ (ಮೊಟ್ಟೆಯಾಕಾರದ ಟ್ರ್ಯಾಕ್) ರೇಸುಗಳ ಜಾಗವನ್ನು ರಸ್ತೆ ಸರ್ಕ್ಯೂಟ್‌ಗಳು ತುಂಬುತ್ತಿದ್ದವು. ಮಣ್ಣಿನ ಓವಲ್‌ಗಳಲ್ಲಿ ಬೆಳೆದ ಅಮೆರಿಕನ್ ಹುಡುಗರಿಗೆ ಸೀಟು ಸಿಗುತ್ತಿರಲಿಲ್ಲ. ಕಾಯಿಲೆಯನ್ನು ಅವರು ಸರಿಯಾಗಿಯೇ ಗುರುತಿಸಿದರು. ಕೊಟ್ಟ ಮದ್ದು ಮಾತ್ರ ವಿಷವಾಯಿತು. 1996ರ ಇಂಡಿ 500ರ 33 ಸ್ಥಾನಗಳಲ್ಲಿ 25 ಸ್ಥಾನಗಳನ್ನು ಐಆರ್‌ಎಲ್ ಅಂಕಪಟ್ಟಿಯ ಮೇಲಿನವರಿಗೆ ಮೀಸಲಿಟ್ಟರು. ಯಾರು ವೇಗವಾಗಿ ಸುತ್ತಿದರೆ ಅವರಿಗೆ ಜಾಗ ಎಂಬ ನಂಬಿಕೆಯ ಮೇಲೆ ನಿಂತ ರೇಸಿನಲ್ಲಿ ಇದು ಸಣ್ಣ ತಿದ್ದುಪಡಿಯಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಒಡಕಿಗೆ ದಾರಿ ಮಾಡಿದವರು ಇಬ್ಬರೂ. ಬಾಗಿಲು ಹಾಕಿ ಚಿಲಕ ಜಡಿದದ್ದು ಆ 25ರ ನಿಯಮ. ಈ ಒಂದು ವಿಷಯದಲ್ಲಿ ನಿಮ್ಮಣ್ಣನ ಕೋಪಕ್ಕೆ ಆಧಾರವಿದೆ, ಒಪ್ಪಿಕೊಳ್ಳಿ.

ಕಾರ್ಟ್ ಕೊಟ್ಟ ಪ್ರತ್ಯುತ್ತರ ಅದಕ್ಕಿಂತ ಜಾಣತನದ್ದೇನಲ್ಲ. 1996ರ ಮೇ 26ರಂದು, ಇಂಡಿ 500 ನಡೆಯುವ ದಿನವೇ, ಮಿಷಿಗನ್‌ನಲ್ಲಿ ಯುಎಸ್ 500 ಎಂಬ ಹೊಸ ರೇಸು ಇಟ್ಟರು. ನಿಜವಾದ ತಾರೆಗಳು ನಮ್ಮಲ್ಲಿದ್ದಾರೆ, ನೋಡಿ ಎಂಬ ಠೀವಿ. ಹಸಿರು ಬಾವುಟ ಬೀಳುವ ಮೊದಲೇ ಮುಂದಿನ ಸಾಲಿನ ಕಾರುಗಳು ಒಂದಕ್ಕೊಂದು ತಗುಲಿ ಹತ್ತಕ್ಕೂ ಹೆಚ್ಚು ಕಾರು ಗುಡ್ಡೆಬಿದ್ದವು. ಬದಲಿ ಕಾರುಗಳನ್ನು ತಂದು ಮತ್ತೆ ಆರಂಭಿಸಬೇಕಾಯಿತು. ಹಾಗೆ ಬದಲಿ ಕಾರಿನಲ್ಲಿ ಓಡಿದ ಜಿಮ್ಮಿ ವ್ಯಾಸರ್ ಗೆದ್ದರು. ಅತ್ತ ಇಂಡಿಯಾನಾಪೊಲಿಸ್‌ನಲ್ಲಿ 17 ಮಂದಿ ಹೊಸಬರು ಗ್ರಿಡ್‌ನಲ್ಲಿದ್ದರು. ಪೋಲ್ (ಆರಂಭದ ಮೊದಲ ಸ್ಥಾನ) ಪಡೆದಿದ್ದ ಸ್ಕಾಟ್ ಬ್ರೇಟನ್ ರೇಸಿಗೆ ಒಂಬತ್ತು ದಿನ ಮೊದಲು ಅಭ್ಯಾಸದಲ್ಲಿ ಗೋಡೆಗೆ ಬಡಿದು ತೀರಿಕೊಂಡಿದ್ದರು. ಒಂದೇ ಹಬ್ಬವನ್ನು ಎರಡು ಮನೆಯಲ್ಲಿ ಮಾಡಲು ಹೋಗಿ ಎರಡೂ ಮನೆಯಲ್ಲಿ ಸಂಭ್ರಮವಿಲ್ಲದಂತಾಯಿತು.

ಆ ವರ್ಷಗಳ ಗೆಲುವುಗಳು ಲೆಕ್ಕಕ್ಕಿಲ್ಲ ಎಂಬ ಮಾತಿಗೆ ಬರೋಣ. ಸ್ಪರ್ಧೆ ತೆಳುವಾಗಿತ್ತು, ಅದನ್ನು ಅಲ್ಲಗಳೆಯಲಾಗದು. 2000ದಲ್ಲಿ ಗನಾಸಿ ತಂಡ ಕಾರ್ಟ್‌ನಿಂದ ಒಂದು ರೇಸಿಗೆಂದು ಬಂದಾಗ ಹ್ವಾನ್ ಪಾಬ್ಲೊ ಮೊಂಟೊಯಾ 200 ಸುತ್ತುಗಳಲ್ಲಿ 167ರಲ್ಲಿ ಮುಂದಿದ್ದು ಗೆದ್ದರು. 2001ರಲ್ಲಿ ಮೊದಲ ಐದು ಸ್ಥಾನಗಳನ್ನೂ ಕಾರ್ಟ್ ಚಾಲಕರೇ ಪಡೆದರು. ನಿಮ್ಮಣ್ಣ ಈ ಎರಡು ಅಂಕಿಗಳನ್ನು ಖಂಡಿತ ಎತ್ತುತ್ತಾರೆ. ನೀವು ಕೆನ್ನಿ ಬ್ರಾಕ್ ಹೆಸರು ಹೇಳಿ. ಅವರು 1998ರಲ್ಲಿ ಐಆರ್‌ಎಲ್ ಚಾಂಪಿಯನ್, 1999ರಲ್ಲಿ ಇಂಡಿ ವಿಜೇತ. ಮರುವರ್ಷ ಕಾರ್ಟ್‌ಗೆ ಹೋದರು, 2001ರಲ್ಲಿ ಅಲ್ಲಿಯೇ ಎರಡನೇ ಸ್ಥಾನ ಪಡೆದರು. ಐಆರ್‌ಎಲ್‌ನಿಂದ ಮೇಲೆ ಬಂದ ಟೋನಿ ಸ್ಟೀವರ್ಟ್ ಆಮೇಲೆ ಅಮೆರಿಕದ ಇನ್ನೊಂದು ಕಾರು ರೇಸ್ ಸರಣಿ ನಾಸ್ಕಾರ್‌ನಲ್ಲಿ ಮೂರು ಸಲ ಚಾಂಪಿಯನ್ ಆದರು. 1996ರಲ್ಲಿ ಗೆದ್ದ ಬಡ್ಡಿ ಲೇಝಿಯರ್ ಎರಡು ತಿಂಗಳ ಹಿಂದೆ ಫೀನಿಕ್ಸ್‌ನಲ್ಲಿ ಬೆನ್ನುಮೂಳೆ ಮುರಿದುಕೊಂಡಿದ್ದರು. ಆ ಬೆನ್ನಿನಲ್ಲಿ 500 ಮೈಲಿ ಓಡಿಸಿದವರನ್ನು ಲೆಕ್ಕಕ್ಕಿಲ್ಲ ಎನ್ನಲು ನನಗೆ ನಾಲಿಗೆ ಏಳದು. ಸೋಜಿಗವೊಂದಿದೆ: ಇಂಡಿಯ ಅರ್ಹತಾ ಸುತ್ತುಗಳ ದಾಖಲೆ ಇಂದಿಗೂ 1996ರದ್ದೇ. ಆರಿ ಲೈಯನ್‌ಡೈಕ್ ಅಂದು ನಾಲ್ಕು ಸುತ್ತುಗಳನ್ನು ಗಂಟೆಗೆ ಸರಾಸರಿ 381 ಕಿಲೋಮೀಟರ್ ವೇಗದಲ್ಲಿ ಮುಗಿಸಿದರು. ಕಾರು ಕಾರ್ಟ್ ಕಾಲದ ಟರ್ಬೊ ಕಾರು, ದಾಖಲೆ ಐಆರ್‌ಎಲ್ ಖಾತೆಗೆ. ಮರುವರ್ಷ ಟರ್ಬೊ ಇಲ್ಲದ ಹೊಸ ಕಾರು ಬಂದಾಗ ಅದೇ ಲೈಯನ್‌ಡೈಕ್ ಪೋಲ್ ಪಡೆದದ್ದು 351 ಕಿಲೋಮೀಟರ್ ವೇಗಕ್ಕೆ.

ಇನ್ನು 2002. ಈ ಗಾಯ ಒಣಗದಿರಲು ಕಾರಣವಿದೆ. ಕೊನೆಯಿಂದ ಎರಡನೇ ಸುತ್ತಾದ 199ನೇ ಸುತ್ತಿನಲ್ಲಿ ಎಲಿಯೊ ಕ್ಯಾಸ್ಟ್ರೊನೆವೆಸ್ ಅವರನ್ನು ಪಾಲ್ ಟ್ರೇಸಿ ಮೂರನೇ ತಿರುವಿನಲ್ಲಿ ಹಿಂದಿಕ್ಕಿದರು. ಸರಿಸುಮಾರು ಅದೇ ಕ್ಷಣದಲ್ಲಿ ಹಿಂದೆಲ್ಲೋ ಎರಡು ಕಾರು ಅಪಘಾತಕ್ಕೀಡಾಗಿ ಹಳದಿ ದೀಪ ಹತ್ತಿತು. ಅದು ಹತ್ತಿದ ಮೇಲೆ ಯಾರನ್ನೂ ಹಿಂದಿಕ್ಕುವಂತಿಲ್ಲ. ಹಿಂದಿಕ್ಕಿದ್ದು ದೀಪಕ್ಕೆ ಮೊದಲೋ ಆಮೇಲೋ? ಟ್ರೇಸಿ ಇದ್ದದ್ದು ಕಾರ್ಟ್ ತಂಡದಲ್ಲಿ. ಕ್ಯಾಸ್ಟ್ರೊನೆವೆಸ್ ಅವರ ಪೆನ್ಸ್ಕಿ ತಂಡ ಆ ವರ್ಷವಷ್ಟೇ ಐಆರ್‌ಎಲ್‌ಗೆ ಬಂದಿತ್ತು. ಮೇಲ್ಮನವಿಗೆ ಜುಲೈನಲ್ಲಿ ಅಂತಿಮ ತೀರ್ಪು ಕೊಟ್ಟವರು ಸ್ವತಃ ಟೋನಿ ಜಾರ್ಜ್. ಗೆಲುವು ಕ್ಯಾಸ್ಟ್ರೊನೆವೆಸ್ ಅವರದೇ ಎಂದಾಯಿತು. ನಾನು ಆ ದೃಶ್ಯವನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ನೋಡಿದ್ದೇನೆ. ಒಂದು ಕೋನದಲ್ಲಿ ಟ್ರೇಸಿ ಮುಂದೆ, ಇನ್ನೊಂದರಲ್ಲಿ ಅಲ್ಲ. ದೀಪ, ರೇಡಿಯೋ ಕರೆ, ಡ್ಯಾಶ್‌ಬೋರ್ಡಿನ ಸೂಚನೆ ಮೂರೂ ಒಂದೇ ಗಳಿಗೆಯಲ್ಲಿ ಬರುವುದಿಲ್ಲ ಎನ್ನುವುದು ಡೇಟಾ ನೋಡುವವರಿಗೆಲ್ಲ ಗೊತ್ತು. ತೀರ್ಪು ತಪ್ಪು ಎನ್ನಲು ನನ್ನ ಬಳಿ ಪುರಾವೆ ಇಲ್ಲ. ಆದರೆ ತಕರಾರಿನ ಒಂದು ಕಡೆಯವರೇ ನ್ಯಾಯಾಧೀಶರಾಗಿ ಕೂತರೆ, ಸರಿಯಾದ ತೀರ್ಪೂ ಅನುಮಾನಕ್ಕೆ ಗುರಿಯಾಗುತ್ತದೆ.

ಕಾರ್ಟ್ ಸತ್ತದ್ದು ಐಆರ್‌ಎಲ್ ಹೊಡೆತಕ್ಕೆ ಎಂಬ ಮಾತೂ ಅರ್ಧ ಸತ್ಯ. 1998ರಲ್ಲಿ ಅದು 16 ಡಾಲರ್ ದರದಲ್ಲಿ ಷೇರು ಮಾರಿ ಸಾರ್ವಜನಿಕ ಕಂಪನಿಯಾಯಿತು. ಮಾಲೀಕರ ಜಗಳಕ್ಕೆ ಷೇರುದಾರರ ಆತುರವೂ ಸೇರಿತು. 2001 ಅದರ ಕೆಟ್ಟ ವರ್ಷ. ಏಪ್ರಿಲ್‌ನಲ್ಲಿ ಟೆಕ್ಸಸ್ ಓವಲ್‌ನ ಕಡಿದಾದ ತಿರುವುಗಳಲ್ಲಿ ಚಾಲಕರ ದೇಹದ ಮೇಲೆ 5 ಜಿಗೂ (ದೇಹದ ತೂಕದ ಐದು ಪಟ್ಟಿಗೂ) ಮೀರಿದ ಬಲ ಬಿದ್ದು ತಲೆ ಸುತ್ತತೊಡಗಿತು. ರೇಸ್ ದಿನ, ಪ್ರೇಕ್ಷಕರು ಬಂದ ಮೇಲೆ, ರೇಸು ರದ್ದಾಯಿತು. ಪ್ರಾಣ ಉಳಿಸಿದ ಸರಿಯಾದ ನಿರ್ಧಾರವೇ ಅದು. ಮೊದಲೇ ಸಾಕಷ್ಟು ಪರೀಕ್ಷಿಸಿದ್ದರೆ ಆ ಸ್ಥಿತಿಗೆ ಬರಬೇಕಿರಲಿಲ್ಲ. ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಪಾಪ್-ಆಫ್ ವಾಲ್ವ್ ಗಲಾಟೆ. ಟರ್ಬೊ ಒತ್ತಡ ಮಿತಿ ಮೀರಿದರೆ ತೆರೆದುಕೊಂಡು ಗಾಳಿ ಹೊರಬಿಡುವ ಸಾಧನ ಅದು. ತಂಡದವರು ಕಳ್ಳಾಟ ಆಡದಿರಲೆಂದು ಅಧಿಕಾರಿಗಳೇ ಪ್ರತಿ ರೇಸಿಗೂ ಹಂಚುತ್ತಿದ್ದರು. ಸೀಸನ್ ಮಧ್ಯದಲ್ಲಿ ಅದರ ಜೋಡಣೆ ಬದಲಿಸಬೇಕೆಂದು ಹೇಳಿದ್ದಕ್ಕೆ ಹೋಂಡಾ ಕೆರಳಿತು. ಎಂಜಿನ್ ಕಂಪನಿಗಳು ವರ್ಷಗಟ್ಟಲೆ ಹಣ ಸುರಿಯುವುದು ನಿಯಮದ ಪುಸ್ತಕವನ್ನು ನಂಬಿ. ಆ ನಂಬಿಕೆ ಸಡಿಲವಾಯಿತು. 2003ಕ್ಕೆ ಹೋಂಡಾ, ಟೊಯೋಟಾ ಎರಡೂ ಐಆರ್‌ಎಲ್‌ಗೆ ಹೋದವು. ಆ ವರ್ಷವೇ ಕಾರ್ಟನ್ನು ಕೊಳ್ಳಲು ಮುಂದೆ ಬಂದವರು ಷೇರಿಗೆ 56 ಸೆಂಟ್ ಬೆಲೆ ಕಟ್ಟಿದರು. 2004ರ ಜನವರಿಯಲ್ಲಿ ದಿವಾಳಿ ನ್ಯಾಯಾಲಯದಲ್ಲಿ ಅದು ಕೈಬದಲಾಯಿತು. ಚಾಂಪ್ ಕಾರ್ ಹೆಸರಿನಲ್ಲಿ ನಾಲ್ಕು ಸೀಸನ್ ಓಡಿತು, ನಾಲ್ಕರಲ್ಲೂ ಸೆಬಾಸ್ಟಿಯನ್ ಬೋರ್ಡೇ ಚಾಂಪಿಯನ್. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಹಾಗೆ. ಕೂಸು ಪಕ್ಕದ ಮನೆಗೆ ಆಡಲು ಹೋಯಿತು. ಪಕ್ಕದ ಮನೆಯ ಹೆಸರು ನಾಸ್ಕಾರ್.

ಜಗಳದ ಕಾಲದಲ್ಲಿ ಎರಡೂ ಕಡೆಯವರು ಬೇರೆ ಬೇರೆಯಾಗಿ ಕೊಟ್ಟ ಒಳ್ಳೆಯದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಕಾರ್ಟ್‌ನ ಸಂಚಾರಿ ವೈದ್ಯಕೀಯ ತಂಡ 2001ರಲ್ಲಿ ಜರ್ಮನಿಯ ಲೌಸಿಟ್ಝ್‌ರಿಂಗ್‌ನಲ್ಲಿ ಎರಡೂ ಕಾಲು ಕಳೆದುಕೊಂಡ ಅಲೆಕ್ಸ್ ಝನಾರ್ಡಿ ಅವರನ್ನು ಬದುಕಿಸಿತು. ಕತ್ತು ಕಾಯುವ ಹ್ಯಾನ್ಸ್ ಸಾಧನವನ್ನು ಕಾರ್ಟ್ ಅದೇ ವರ್ಷ ಓವಲ್‌ಗಳಲ್ಲಿ ಕಡ್ಡಾಯ ಮಾಡಿತು. ಇನ್ನೊಂದು ಕಡೆ, ಐಆರ್‌ಎಲ್ ಮತ್ತು ನೆಬ್ರಾಸ್ಕಾ ವಿಶ್ವವಿದ್ಯಾಲಯ ಸೇರಿ ರೂಪಿಸಿದ ಸೇಫರ್ ತಡೆಗೋಡೆ 2002ರ ಮೇನಲ್ಲಿ ಇಂಡಿಯಾನಾಪೊಲಿಸ್‌ಗೆ ಬಂತು. ಉಕ್ಕಿನ ಕೊಳವೆ ಮುಂದೆ, ಫೋಮ್ ಹಿಂದೆ, ಅದರ ಹಿಂದೆ ಹಳೆಯ ಕಾಂಕ್ರೀಟು. ಕಾರು ಬಡಿದಾಗ ಗೋಡೆ ತುಸು ಒಳಸರಿದು ಹೊಡೆತ ನುಂಗುತ್ತದೆ. ಇವತ್ತು ಒಬ್ಬ ಚಾಲಕ ಗೋಡೆಗೆ ಬಡಿದು ಎದ್ದು ನಡೆದು ಬಂದರೆ ಅದರಲ್ಲಿ ನಿಮ್ಮ ಕಡೆಯ ಪಾಲೂ ಇದೆ, ಅಣ್ಣನ ಕಡೆಯ ಪಾಲೂ ಇದೆ.

ಫಾರ್ಮುಲಾ 1ರ ಮುಂದೆ ಇಂಡಿಕಾರ್ ನಿಧಾನ ಎನ್ನುವುದು ನಿಜ. ಆಸ್ಟಿನ್‌ನ ಒಂದೇ ಸರ್ಕ್ಯೂಟ್‌ನಲ್ಲಿ 2019ರಲ್ಲಿ ಎರಡೂ ಓಡಿದವು. ಪೋಲ್ ಸಮಯ ಫಾರ್ಮುಲಾ 1ಕ್ಕೆ 1 ನಿಮಿಷ 32 ಸೆಕೆಂಡ್, ಇಂಡಿಕಾರ್‌ಗೆ 1 ನಿಮಿಷ 46. ಹದಿನಾಲ್ಕು ಸೆಕೆಂಡಿನ ಅಂತರ. ಆದರೆ ಇದು ಕಾರಿನ ಅಂತರ, ಚಾಲಕರದ್ದಲ್ಲ. ಒಂದು ಕಡೆ ತಂಡವೊಂದು ತನ್ನ ಕಾರನ್ನು ತಾನೇ ವಿನ್ಯಾಸ ಮಾಡುತ್ತದೆ, ಇನ್ನೊಂದು ಕಡೆ ಎಲ್ಲರಿಗೂ ಒಂದೇ ಡಲ್ಲಾರಾ ಚಾಸಿ. ಇಂಡಿಕಾರ್‌ನಲ್ಲಿ ಪವರ್ ಸ್ಟೀರಿಂಗ್ ಇಲ್ಲ. ಬೀದಿ ಸರ್ಕ್ಯೂಟ್‌ನ ರೇಸು ಮುಗಿಸಿ ಕೈಗವಸು ತೆಗೆದ ಚಾಲಕನೊಬ್ಬನ ಅಂಗೈ ನೋಡಿದ್ದೇನೆ, ಹೆಬ್ಬೆರಳ ಬುಡದಲ್ಲಿ ಚರ್ಮ ಪೂರ್ತಿ ಸುಲಿದಿತ್ತು. 1950ರಿಂದ 1960ರವರೆಗೆ ಇಂಡಿ 500 ಫಾರ್ಮುಲಾ 1 ವಿಶ್ವ ಚಾಂಪಿಯನ್‌ಷಿಪ್‌ನ ಸುತ್ತೇ ಆಗಿತ್ತು ಎಂಬುದನ್ನೂ ಅಣ್ಣನಿಗೆ ನೆನಪಿಸಬಹುದು. ಈ ವಾದವನ್ನು ಇಷ್ಟಕ್ಕೇ ಬಿಡಿ, ಹಿಗ್ಗಿಸುವಷ್ಟು ತಿರುಳು ಅದರಲ್ಲಿಲ್ಲ.

ಈಗ ಮೇ ತಿಂಗಳು. ಆ ವಿಷಯವನ್ನೇ ಎತ್ತದಿರುವುದು ಒಂದು ದಾರಿ. ಸುಲಭವೆನಿಸುತ್ತದೆ. ಆದರೆ ಇಂಡಿ 500 ಮೂರು ಗಂಟೆಯ ರೇಸು, ಹಳದಿ ಬಾವುಟ ಬಿದ್ದಾಗ ಮಾತನಾಡಲು ಬಿಡುವು ಬೇಕಾದಷ್ಟು ಸಿಗುತ್ತದೆ. ಅದುಮಿಟ್ಟ ಮಾತು ಆಗಲೇ ಹೊರಬರುವುದು. ಅಂಕಿಅಂಶ ಸಜ್ಜುಮಾಡಿಕೊಂಡು ಪಟ್ಟುಹಿಡಿದು ವಾದಿಸುವುದು ಇನ್ನೊಂದು. ನೀವು ಗೆಲ್ಲಲೂಬಹುದು, ಅಣ್ಣ ಮರುದಿನದ ಗಾಡಿಗೇ ಹೊರಡಲೂಬಹುದು. ಮೇಲೆ ನಾನು ಕೊಟ್ಟ ಸಂಗತಿಗಳನ್ನೂ ಅದಕ್ಕೆ ಬಳಸಬೇಡಿ. ಅವರ ಬಳಿಯೂ ಅಷ್ಟೇ ಗಟ್ಟಿ ಸಂಗತಿಗಳಿವೆ ಎನ್ನುವುದನ್ನು ನೋಡಿದಿರಲ್ಲ. ತಪ್ಪೆಲ್ಲ ನಮ್ಮದೇ ಎಂದು ಸೋತು ರಾಜಿಯಾಗುವುದಂತೂ ಬೇಡವೇ ಬೇಡ. ಮನಸ್ಸು ಒಪ್ಪದ ರಾಜಿ ಮುಂದಿನ ಮೇವರೆಗೆ ಬಾಳದು.

ನಾನಾಗಿದ್ದರೆ ಸರಣಿ ಬಿಟ್ಟು ಚಾಲಕರ ಹಿಂದೆ ಹೋಗುತ್ತಿದ್ದೆ. ಸ್ಕಾಟ್ ಡಿಕ್ಸನ್ 2001ರಲ್ಲಿ ನಝರೆತ್‌ನಲ್ಲಿ ಕಾರ್ಟ್ ರೇಸು ಗೆದ್ದಾಗ ಅವರಿಗೆ ಇಪ್ಪತ್ತು ವರ್ಷ, ನಿಮ್ಮಣ್ಣ ಆಗ ಚಪ್ಪಾಳೆ ತಟ್ಟಿರುತ್ತಾರೆ. 2003ರಲ್ಲಿ ಅದೇ ಡಿಕ್ಸನ್ ಐಆರ್‌ಎಲ್ ಚಾಂಪಿಯನ್ ಆದಾಗ ತಟ್ಟಿದವರು ನೀವು. ದಾರಿಯೊ ಫ್ರಾಂಕಿಟಿ 1999ರ ಕಾರ್ಟ್ ಕಿರೀಟಕ್ಕೆ ಮೊಂಟೊಯಾ ಜೊತೆ ಸಮ ಅಂಕ ಪಡೆದು, ಗೆದ್ದ ರೇಸುಗಳ ಎಣಿಕೆಯಲ್ಲಿ ಸೋತರು. ಆಮೇಲೆ ಇಂಡಿ 500 ಮೂರು ಸಲ ಗೆದ್ದರು. ಒಂದೇ ಮನುಷ್ಯನ ಅರ್ಧ ಬದುಕನ್ನು ಅಣ್ಣ ನೋಡಿದ್ದಾರೆ, ಇನ್ನರ್ಧವನ್ನು ನೀವು. ಇದರಲ್ಲೂ ಒಂದು ಅಪಾಯವಿದೆ: ಮಾತು ಗ್ರೆಗ್ ಮೂರ್ ಕಡೆಗೆ ತಿರುಗಬಹುದು. 1999ರ ಅಕ್ಟೋಬರ್‌ 31ರಂದು ಫಾಂಟಾನಾದಲ್ಲಿ ಇಪ್ಪತ್ತನಾಲ್ಕನೇ ವಯಸ್ಸಿಗೇ ತೀರಿಕೊಂಡ ಹುಡುಗ. ಮರುವರ್ಷ ಪೆನ್ಸ್ಕಿ ತಂಡದಲ್ಲಿ ಅವನು ಕೂರಬೇಕಿದ್ದ ಸೀಟಿಗೆ ಬಂದವರೇ ಕ್ಯಾಸ್ಟ್ರೊನೆವೆಸ್. ಹಾಗಾದರೆ ಅಣ್ಣನನ್ನು ಮಾತನಾಡಲು ಬಿಡಿ, ನಡುವೆ ಬಾಯಿ ಹಾಕಬೇಡಿ.

ರೇಸಿನ ಹಿಂದಿನ ಸಂಜೆ ಹಳೆಯದೇನನ್ನಾದರೂ ನೋಡುವ ಮನಸ್ಸಾದರೆ 2008ರ ಏಪ್ರಿಲ್‌ನ ಆ ವಾರಾಂತ್ಯವನ್ನು ಆರಿಸಿಕೊಳ್ಳಿ. ಸರಣಿಗಳು ಒಂದಾಗಿದ್ದವು, ಆದರೆ ದಿನಾಂಕಗಳು ಮೊದಲೇ ನಿಗದಿಯಾಗಿದ್ದರಿಂದ ಹಳೆಯ ಚಾಂಪ್ ಕಾರ್ ಗುಂಪು ಲಾಂಗ್ ಬೀಚ್‌ನಲ್ಲಿ, ಐಆರ್‌ಎಲ್ ಗುಂಪು ಜಪಾನಿನ ಮೊಟೆಗಿಯಲ್ಲಿ ಓಡಿತು. ಎರಡಕ್ಕೂ ಒಂದೇ ಅಂಕಪಟ್ಟಿ. ಲಾಂಗ್ ಬೀಚ್‌ನಲ್ಲಿ ಹಳೆಯ ಟರ್ಬೊ ಕಾರುಗಳ ಕೊನೆಯ ಓಟ, ಗೆದ್ದವರು ವಿಲ್ ಪವರ್. ಮೊಟೆಗಿಯಲ್ಲಿ ಡ್ಯಾನಿಕಾ ಪ್ಯಾಟ್ರಿಕ್ ಗೆದ್ದು ಇಂಡಿಕಾರ್ ಇತಿಹಾಸದ ಮೊದಲ ವಿಜೇತ ಮಹಿಳೆಯಾದರು. ಮೊದಲು ಅಣ್ಣನ ಲಾಂಗ್ ಬೀಚ್ ಹಾಕಿ, ಆ ಎಂಜಿನ್ನಿನ ದನಿಯನ್ನು ಅವರು ಕೇಳಿ ಎಷ್ಟೋ ವರ್ಷವಾಗಿರುತ್ತದೆ. ಆಮೇಲೆ ನಿಮ್ಮ ಮೊಟೆಗಿ. 2002ರ 199ನೇ ಸುತ್ತನ್ನು ಮಾತ್ರ ಅವರು ಊರಿಗೆ ಹೊರಡುವ ದಿನದವರೆಗೆ ಮುಟ್ಟಬೇಡಿ.